ಹಿಂದಿನ ಕೋಣೆಗೆ ಹೋದ ಕರಡಿ

ಆ ಪ್ರಾಣಿಸಂಗ್ರಹಾಲಯದ ಅಡಿಗೆಮನೆಯಲ್ಲಿ ನನಗೆ ಕೆಲಸ ಸಿಕ್ಕಿದ್ದು ರೊಟ್ಟಿ ಬಡಿಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಗೋವಾದ ಸಾಂಗೆಯಿಂದ ಇನ್ನಷ್ಟು ಒಳಗೆ, ಕಾಡಂಚಿನಲ್ಲಿದ್ದ ಸಣ್ಣ ಜಾಗ ಅದು. ಹೆಸರು ಇಲ್ಲಿ ಬೇಡ. ನನ್ನ ಗಂಡ ಕುಡಚಡೆಯಲ್ಲಿ ಅದಿರಿನ ಲಾರಿಗಳ ಮೇಲೆ ದುಡಿಯುತ್ತಿದ್ದ. ಗಣಿ ನಿಂತ ಮೇಲೆ ಲಾರಿಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು. ಅವನು ಒಬ್ಬ ಗುತ್ತಿಗೆದಾರನ ಕೈಕೆಳಗೆ ಗೌಂಡಿ ಕೆಲಸಕ್ಕೆ ಸೇರಿದ. ಆ ಗುತ್ತಿಗೆದಾರನಿಗೆ ಸಂಗ್ರಹಾಲಯದ ಕಂಪೌಂಡು ಕಟ್ಟುವ ಕೆಲಸ ಸಿಕ್ಕಿತ್ತು. ಅದೇ ಹೊತ್ತಿಗೆ ಅಲ್ಲಿದ್ದ ಮುದಿ ಕರಡಿಗೆ ಅನ್ನದ ಗಂಜಿ ಒಗ್ಗದೆ ಭೇದಿ ಹತ್ತಿ, ಡಾಕ್ಟರು ಸಜ್ಜೆ ರೊಟ್ಟಿ ಕೊಡಿ ಎಂದು ಬರೆದಿದ್ದರಂತೆ. ಗೋವಾದ ಆ ಮೂಲೆಯಲ್ಲಿ ಸಜ್ಜೆ ರೊಟ್ಟಿ ಯಾರಿಗೆ ಬರಬೇಕು? ಸಂಗ್ರಹಾಲಯದ ಮೇಲ್ವಿಚಾರಕ ಗೌಂಡಿಗಳ ನಡುವೆ ಬಂದು ಕೇಳಿದಾಗ ನನ್ನ ಗಂಡ ಕೈ ಎತ್ತಿದ. "ನಮ್ಮಾಕಿಗೆ ಬರತೈತ್ರಿ ಸಾಹೇಬ್ರ."

ಹೀಗೆ ಮನುಷ್ಯರಿಗೆಂದು ಕಲಿತ ರೊಟ್ಟಿಯನ್ನು ಕರಡಿಗೆ ಬಡಿಯತೊಡಗಿದೆ. ಮೊದಲ ದಿನ ಮೇಲ್ವಿಚಾರಕ ಹಂಚಿನ ಪಕ್ಕ ನಿಂತು ನೋಡಿ, "ಈ ಘಾಟಿಗೆ ಒಂದಾದರೂ ಕೆಲಸ ಬರುತ್ತದೆ" ಎಂದು ಕೊಂಕಣಿಯಲ್ಲಿ ಹೇಳಿ ನಕ್ಕ. ಘಟ್ಟದ ಮೇಲಿಂದ ಬಂದ ನಮ್ಮನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅದು ಬೈಗುಳವೋ ಬರೀ ಮಾತೋ ಎನ್ನುವುದು ಹೇಳುವವರ ದನಿಯ ಮೇಲೆ ಗೊತ್ತಾಗುತ್ತದೆ. ಅವನ ದನಿಯಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

ಕರಡಿಯನ್ನು ನೋಡಿಕೊಳ್ಳುತ್ತಿದ್ದವನು ಖಾನಾಪುರದ ಕಡೆಯ ಮುದುಕ. ಚಿಕ್ಕಂದಿನಲ್ಲೇ ಗೋವಾಕ್ಕೆ ಬಂದವನು, ಆದರೂ ನಮ್ಮ ಮಾತು ಬಿಟ್ಟಿರಲಿಲ್ಲ. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು, ನಾನೂ ಅಂದೆ. ಅವನು ಕರಡಿಯನ್ನು 'ಅಕಿ' ಎನ್ನುತ್ತಿದ್ದ. ಅಕಿ ಇವತ್ತ ಉಂಡಿಲ್ಲ, ಅಕಿಗೆ ಸೆಕಿ ಆಗಾಕತ್ತೈತಿ, ಹೀಗೆ. ನಾನು ಇಲ್ಲಿ 'ಅದು' ಎಂದೇ ಬರೆಯುತ್ತೇನೆ. ನಾನು ಮಾಡಿದ್ದನ್ನು ಮಾಡಿದ ಮೇಲೆ 'ಅವಳು' ಅನ್ನುವ ಹಕ್ಕು ನನಗಿಲ್ಲ.

ಅದರ ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲ. ಹಾಗಾಗಿ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ, ಬೆಲ್ಲ ಕಲಸಿ ಕೊಡಬೇಕಿತ್ತು. ಕಂಬಿಗಳ ಸಂದಿಯಿಂದ ಉದ್ದ ತುಟಿ ಚಾಚಿ ಅದು ತಟ್ಟೆಯನ್ನು ಹೀರುವ ಸಪ್ಪಳ ಅಡಿಗೆಮನೆಯವರೆಗೂ ಕೇಳುತ್ತಿತ್ತು. ಉಂಡಾದ ಮೇಲೆ ಮೂಲೆಯಲ್ಲಿ ಕೂತು ಮುಂಗಾಲನ್ನು ಬಾಯಿಗಿಟ್ಟುಕೊಂಡು ಗುಂಯ್ ಎಂದು ಹಾಡಿದಂತೆ ಸದ್ದು ಮಾಡುತ್ತಿತ್ತು. ಬೀಸುಕಲ್ಲು ದೂರದಲ್ಲಿ ತಿರುಗಿದ ಹಾಗೆ. ಮೊದಲ ಸಲ ಕೇಳಿದಾಗ ನೋವಿಗೆ ನರಳುತ್ತಿದೆ ಅಂದುಕೊಂಡೆ. ಕಾಕಾ ನಕ್ಕ.

"ಹೊಟ್ಟಿ ತುಂಬೈತ್ಯವಾ ಅಕಿಗೆ. ನಿನ್ನ ರೊಟ್ಟಿ ಹಿಡಿಸ್ಯಾವ."

ಆ ಮಾತಿಗೆ ನನಗೆ ಆದ ಹಿಗ್ಗು ಹೇಳಲಾರೆ. ನನ್ನ ರೊಟ್ಟಿಯನ್ನು ನನ್ನ ಅತ್ತೆ ಕೂಡ ಎಂದೂ ಹೊಗಳಿದವಳಲ್ಲ.

ನನಗೆ ಕರಡಿ ಹೊಸದಾಗಿರಲಿಲ್ಲ. ಇಂಡಿ ತಾಲೂಕಿನ ನಮ್ಮ ಊರಿಗೆ ಕರಡಿ ಆಡಿಸುವವನು ಬರುತ್ತಿದ್ದ. ನಾನು ಆರು ವರ್ಷದವಳಿದ್ದಾಗ ಏನನ್ನೋ ಕಂಡು ಬೆದರಿ ಮೂರು ದಿನ ಜ್ವರದಲ್ಲಿ ಬಿದ್ದೆ. ಅಂಜಿಕೆ ಹೋಗಲಿ ಎಂದು ಅವ್ವ ನನ್ನನ್ನು ಎತ್ತಿ ಆ ಕರಡಿಯ ಬೆನ್ನ ಮೇಲೆ ಕೂಡ್ರಿಸಿದಳು. ಅದರ ಕೂದಲು ತೊಡೆಗೆ ಚುಚ್ಚಿದ್ದು ನೆನಪಿದೆ. ಇಳಿಸಿದ ಮೇಲೆ ಆ ಮನುಷ್ಯ ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿ "ಚಲ್ ಬೇಟಿ, ಸಲಾಮ್" ಎಂದ. ಕರಡಿ ಎರಡು ಕಾಲ ಮೇಲೆ ಎದ್ದು ನಿಂತು ಹಣೆಗೆ ಪಂಜ ಹಚ್ಚಿತು. ಅವನ ದನಿ ಪ್ರೀತಿಯದೇ ಇತ್ತು. ಮಗಳನ್ನು ಕರೆದ ಹಾಗೇ ಕರೆದಿದ್ದ.

ಕೆಲಸಕ್ಕೆ ಸೇರಿ ಕೆಲವು ತಿಂಗಳಾಗಿರಬೇಕು, ಒಂದು ಮಧ್ಯಾಹ್ನ ಗೌಂಡಿಗಳು, ಕಸ ಹೊಡೆಯುವ ಹೆಂಗಸರು, ಟಿಕೆಟ್ ಕಿಟಕಿಯವನು ಎಲ್ಲ ಕರಡಿಯ ಪಂಜರದ ಮುಂದಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಯಾರೋ ಕರಡಿ ಕುಣಿತದ ಮಾತು ತೆಗೆದರು. ನನಗೆ ಗೊತ್ತು ಎಂದು ತೋರಿಸಬೇಕೆನ್ನಿಸಿತು. ಕೈಯಲ್ಲಿ ಕಬ್ಬಿಣದ ಸೌಟು ಇತ್ತು. ಕಂಬಿಗೆ ಎರಡು ಸಲ ಬಡಿದು, ಊರಿನ ಆ ಮನುಷ್ಯನ ದನಿಯನ್ನೇ ತಂದುಕೊಂಡು, "ಚಲ್ ಬೇಟಿ, ಸಲಾಮ್" ಎಂದೆ.

ಕರಡಿಯ ಗುಂಯ್ ಸದ್ದು ನಿಂತಿತು. ಅದು ಎದ್ದು ನಿಂತಿತು. ಹಣೆಗೆ ಪಂಜ ಹಚ್ಚಿತು. ನಿಂತಲ್ಲೇ ಅದರ ಹಿಂಗಾಲುಗಳ ನಡುವೆ ಉಚ್ಚೆ ಹರಿದು ಸಿಮೆಂಟಿನ ಮೇಲೆ ಹಬ್ಬಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಮ್ಮೆ ಮಾಡ್ಸಕ್ಕಾ, ಇನ್ನೊಮ್ಮೆ" ಎಂದರು. ನಾನು ನಾಲ್ಕು ಸಲ ಮಾಡಿಸಿದೆ. ಸುಳ್ಳು ಹೇಳುವುದಿಲ್ಲ, ನನಗೆ ಚೆನ್ನಾಗಿಯೇ ಅನ್ನಿಸಿತು. ಗೋವಾಕ್ಕೆ ಬಂದಾಗಿನಿಂದ ನನ್ನ ಸುತ್ತ ಜನ ಸೇರಿ ನನ್ನ ಮಾತಿಗೆ ಕಾದದ್ದು ಅದೇ ಮೊದಲು.

ಕಾಕಾ ಬಂದವನು ಕೂಗಾಡಲಿಲ್ಲ. ನನ್ನ ಕೈಯಿಂದ ಸೌಟು ತೆಗೆದುಕೊಂಡ. ಎಲ್ಲರೂ ಎದ್ದು ಹೋದ ಮೇಲೆ ನನ್ನನ್ನು ಕಂಬಿಯ ಹತ್ತಿರ ಕರೆದ.

"ಅಕಿ ಮೂಗು ಸನೇಕ ನೋಡಿಯೇನು?"

ನೋಡಿದೆ. ಮೂಗಿನ ಮೇಲೆ ಕೂದಲಿಲ್ಲದ ಒಂದು ಗುಳಿ.

"ಕಬ್ಬಿಣ ಕಾಸಿ ಹಾಕಿ ತೂತು ಮಾಡ್ಯಾರ, ಹಗ್ಗ ಪೋಣಸಾಕ. ಆವಾಗಿನ್ನೂ ಅದು ಕೂಸಿರತೈತಿ. ಹಲ್ಲು ಕಲ್ಲಿಲೆ ಒಡದಾರ. ಮನಷ್ಯಾರ ದನಿ ಕೇಳಿದ್ರ ಅಕಿ ಎದ್ದು ನಿಂದರತಿದ್ಲು, ಇಲ್ಲಿ ಬಂದಾಗ. ಕುಂತಲ್ಲೇ ಕುಂದರೂವಂಗ ಮಾಡಾಕ ನನಗ ಎರಡು ವರ್ಷ ಹಿಡೀತು. ನೀ ಊಟದ ಹೊತ್ತಿನ್ಯಾಗ ಕೆಡಿಸಿಬಿಟ್ಟಿ."

"ನನಗ ಗೊತ್ತಿರ್ಲಿಲ್ಲ ಕಾಕಾ."

"ಈಗ ಗೊತ್ತಾತಲ್ಲ" ಎಂದು ಅವನು ಉಚ್ಚೆ ತೊಳೆಯಲು ನೀರು ತರಹೋದ.

ಆ ವರ್ಷವೇ ಬದಲಾವಣೆಗಳು ಶುರುವಾದದ್ದು. ಮೇಲಿನಿಂದ ಬಂದವರು ಎಲ್ಲ ಪಂಜರಗಳನ್ನೂ ಅಳೆದು ಬರೆದುಕೊಂಡು ಹೋದರು. ಕಬ್ಬಿಣದ ಕಂಬಿಯ ಹಳೇ ಪಂಜರಗಳು ಇನ್ನು ಇರಬಾರದು, ಪ್ರಾಣಿಗಳಿಗೆ ಮಣ್ಣು, ಗಿಡ, ನೀರು ಇರುವ ತೆರೆದ ಜಾಗ ಬೇಕು, ಸುತ್ತ ಕಂದಕ ಬೇಕು ಎಂದು ಹುಕುಂ ಆಯಿತು. ಯಾವ ಪ್ರಾಣಿ ಇರಬೇಕು, ಯಾವುದು ಇರಬಾರದು ಎನ್ನುವುದಕ್ಕೂ ಒಂದು ಪಟ್ಟಿ ಬಂತು. ಕೇಳಲು ಒಳ್ಳೆಯ ಮಾತೇ. ಓದಿ ಹೇಳಿದ ಡಾಕ್ಟರ ಮುಖ ಕೂಡ ಗೆಲುವಾಗಿತ್ತು.

ಪಟ್ಟಿಯಲ್ಲಿ ಮೊಲಗಳಿರಲಿಲ್ಲ. ಸಾಕುಪ್ರಾಣಿಗಳನ್ನು ಪ್ರದರ್ಶನಕ್ಕೆ ಇಡುವಂತಿಲ್ಲ ಎಂದರು. ಗೇಟಿನ ಹತ್ತಿರದ ಮೊಲದ ಮನೆ ಚಿಕ್ಕ ಮಕ್ಕಳಿಗೆ ಅಚ್ಚುಮೆಚ್ಚು. ಶಾಲೆಯ ಮಕ್ಕಳು ಗಜ್ಜರಿ ತಂದು ತಿನ್ನಿಸುತ್ತಿದ್ದರು. ಮೊಲಗಳನ್ನು ಎಲ್ಲಿಗೆ ಕಳಿಸುತ್ತಾರೆ ಎಂದು ನಾನು ಕೇಳಿದೆ. ಮೇಲ್ವಿಚಾರಕ, ಎಲ್ಲಿಗೂ ಇಲ್ಲ, ಹೆಬ್ಬಾವಿನ ಮನೆಗೆ ಎಂದ. ವಾರಕ್ಕೆ ಎರಡರಂತೆ ಅವುಗಳನ್ನು ಬುಟ್ಟಿಯಲ್ಲಿ ಹಾಕಿ ಒಯ್ಯುವುದು ಅಡಿಗೆಮನೆಯ ಕೆಲಸವಾಯಿತು, ಅಂದರೆ ನನ್ನ ಕೆಲಸ. ಮಕ್ಕಳ ಕೈಯಿಂದ ತಿಂದು ತಿಂದು ಅವಕ್ಕೆ ಮನುಷ್ಯರ ಹೆದರಿಕೆ ಇರಲಿಲ್ಲ. ಬುಟ್ಟಿಯಿಂದ ಎತ್ತುವಾಗ ನನ್ನ ಬೆರಳು ಮೂಸುತ್ತಿದ್ದವು. ಮೊದಲ ವಾರ ರಾತ್ರಿ ಅನ್ನ ಸೇರಲಿಲ್ಲ. ಮೂರನೆಯ ವಾರಕ್ಕೆ ಸೇರಿತು. ಅಭ್ಯಾಸ ಅಷ್ಟು ಬೇಗ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಕರಡಿ ಪಟ್ಟಿಯಲ್ಲಿತ್ತು. ಅದಕ್ಕೆ ಗುಡ್ಡದ ಬದಿಯಲ್ಲಿ ದೊಡ್ಡ ಜಾಗ ಗುರುತು ಮಾಡಿದರು. ನನ್ನ ಗಂಡ ಮತ್ತು ಅವನ ಜೊತೆಯವರು ಕಂದಕ ತೋಡಿ ಕಲ್ಲು ಕಟ್ಟಿದರು, ಗುಹೆ ಮಾಡಿದರು, ನೀರಿನ ಗುಂಡಿಗೆ ಸಿಮೆಂಟು ಬಳಿದರು. ಒಳಗೆ ಹಳೇ ನೇರಳೆ ಮರ ಒಂದಿತ್ತು, ಅದನ್ನು ಕಡಿಯದೆ ಬಿಟ್ಟರು. ಕಾಕಾ ದಿನಾ ಸಂಜೆ ಅಲ್ಲಿಗೆ ಹೋಗಿ ನೋಡಿಕೊಂಡು ಬಂದು ಕರಡಿಗೆ ವರದಿ ಒಪ್ಪಿಸುತ್ತಿದ್ದ.

"ಇವತ್ತ ಗವಿ ಮಾಡ್ಯಾರ ನೋಡ. ಒಳಗ ತಣ್ಣಗೈತಿ. ನೇರಳಿ ಹಣ್ಣಿನ ಕಾಲಕ್ಕ ನೀ ಅಲ್ಲಿರತಿ."

ಗೌಂಡಿಗಳಿಗೂ ಹೇಳುತ್ತಿದ್ದ. ಕಲ್ಲಿನ ಚೂಪು ಬಿಡಬ್ಯಾಡ್ರಿ, ಅಕಿ ಅಂಗಾಲು ಮೆತ್ತಗದಾವು. ನನ್ನ ಗಂಡ ಮನೆಗೆ ಬಂದು ಅದನ್ನು ಹೇಳಿ ನಗುತ್ತಿದ್ದ. ಆದರೆ ಉಳಿ ಹಿಡಿದು ಗುಹೆಯ ಬಾಗಿಲ ಕಲ್ಲಿನ ಅಂಚುಗಳನ್ನು ಸವರಿದವನೂ ಅವನೇ.

ಕೆಲಸ ಮುಗಿಯಲು ಬಂದಾಗ ಮೇಲ್ವಿಚಾರಕ ಕಾಕಾನನ್ನು ಅಡಿಗೆಮನೆಗೇ ಕರೆಸಿ ಹೇಳಿದ. ನಾನು ಹಿಟ್ಟು ನಾದುತ್ತಿದ್ದೆ. ಬೇರೆ ರಾಜ್ಯದಿಂದ ಎಳೆ ವಯಸ್ಸಿನ ಜೋಡಿ ಕರಡಿ ಬರುತ್ತವೆ, ಹೊಸ ಆವರಣ ಅವಕ್ಕೆ. ಮುದಿ ಕರಡಿಗೆ ಮರಿ ಆಗುವುದಿಲ್ಲ, ಮೂಗು ಹಲ್ಲು ನೋಡಿ ಬಂದವರು ಮುಖ ತಿರುಗಿಸುತ್ತಾರೆ, ಎಳೆಯವುಗಳ ಜೊತೆ ಬಿಟ್ಟರೆ ಅವು ಹರಿದು ಹಾಕುತ್ತವೆ. ಹಳೇ ಪಂಜರ ಒಡೆಯಬೇಕು. ಅಡಿಗೆಮನೆಯ ಹಿಂದೆ ಇರುವ ಕೋಣೆಗೆ ಅದನ್ನು ಸಾಗಿಸುವುದು, ಎರಡು ತಿಂಗಳ ಮಾತು, ಆಮೇಲೆ ಇಂಥ ಪ್ರಾಣಿಗಳನ್ನು ಸಾಕುವ ಯಾವುದಾದರೂ ಆಶ್ರಯಕ್ಕೆ ಕಳಿಸುವುದು.

ಹಿಂದಿನ ಕೋಣೆ ನನಗೆ ಗೊತ್ತಿತ್ತು. ನಾವು ಅಲ್ಲಿ ಗೋಣಿಚೀಲ, ಮುರಿದ ಬಕೆಟು ಇಡುತ್ತಿದ್ದೆವು. ಕರಡಿ ಅಡ್ಡ ಮಲಗಿದರೆ ಎರಡೂ ಗೋಡೆಗೆ ತಾಗುವಷ್ಟು ಜಾಗ.

ಕಾಕಾ, "ನಾ ಅಕಿಗೆ ಹೇಳಿಬಿಟ್ಟೇನ್ರಿ ಸಾಹೇಬ್ರ" ಎಂದ. ಮೇಲ್ವಿಚಾರಕನಿಗೆ ಅರ್ಥವಾಗಲಿಲ್ಲ. ಅವನು ನಕ್ಕು ಹೋದ.

ಸಾಗಾಟದ ಪೆಟ್ಟಿಗೆಯನ್ನು ಪಂಜರದ ಬಾಗಿಲಿಗೆ ಹಚ್ಚಿ ನಿಲ್ಲಿಸಿದರು. ಕರಡಿ ಒಳಗೆ ಹೋದರೆ ಮೇಲಿಂದ ಹಲಗೆಯ ಬಾಗಿಲು ಬೀಳುತ್ತದೆ. ಅರಿವಳಿಕೆ ಚುಚ್ಚಲು ಡಾಕ್ಟರು ಒಪ್ಪಲಿಲ್ಲ, ಈ ವಯಸ್ಸಿಗೆ ಮತ್ತೆ ಎಚ್ಚರವಾಗದೇ ಹೋಗಬಹುದು ಎಂದರು. ಹಾಗಾದರೆ ಕರೆಯಬೇಕು. ಮೇಲ್ವಿಚಾರಕ ಕಾಕಾನಿಗೆ ಹೇಳಿದ.

"ನಾ ಕರಿಯೂದಿಲ್ರಿ" ಎಂದ ಕಾಕಾ. "ಬಾಗಲಾ ಬೀಳಸಾವ್ರು ನೀವು, ಕರಿಯಾವ ನಾನು. ನನ್ನ ಕಡಿಂದ ಆಗೂದಿಲ್ಲ."

ಆ ಹೊತ್ತಿಗೇ ಅವನನ್ನು ಮೊಸಳೆ ಕೊಳದ ಕೆಲಸಕ್ಕೆ ಹಾಕಿದರು. ಕರಡಿಯ ಪಂಜರದಿಂದ ಐವತ್ತು ಹೆಜ್ಜೆ. ಅಲ್ಲಿಂದ ಇತ್ತ ಕಾಣುತ್ತಿತ್ತು, ಬರುವಂತಿರಲಿಲ್ಲ.

ಕರಡಿಯ ಊಟ ನಿಲ್ಲಿಸಿದರು. ಹಸಿದರೆ ತಾನೇ ಪೆಟ್ಟಿಗೆಗೆ ಬರುತ್ತದೆ ಎಂಬ ಲೆಕ್ಕ. ನನಗೆ ರೊಟ್ಟಿ ಬಡಿಯಬೇಡ ಎಂದರು. ಮೊದಲ ದಿನ ಅದು ಹೊತ್ತಿಗೆ ಸರಿಯಾಗಿ ಕಂಬಿಗೆ ಬಂದು ತುಟಿ ಚಾಚಿ ಕಾದಿತು. ಎರಡನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ನಿಂತಿತ್ತು. ನಾನು ಅಡಿಗೆಮನೆಯಿಂದ ಹೊರಗೆ ಬಂದರೆ ಸಾಕು, ಹೀರುವ ಸಪ್ಪಳ ಮಾಡುತ್ತಿತ್ತು, ಬರೀ ಗಾಳಿಯನ್ನು. ನಾನು ಆ ದಾರಿ ಬಿಟ್ಟು ಹಿಂದಿನಿಂದ ಸುತ್ತು ಹಾಕಿ ಹೋಗತೊಡಗಿದೆ.

ಆ ಸಂಜೆ ಮೇಲ್ವಿಚಾರಕ ನನ್ನನ್ನು ಕರೆದ. ಮೊದಲ ಸಲ ಘಾಟಿ ಎನ್ನಲಿಲ್ಲ, ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಬಾಯಿ ಎಂದ. ನಿನ್ನ ಕೈಯ ರೊಟ್ಟಿ ತಿಂದ ಪ್ರಾಣಿ, ನಾಡಿದ್ದು ನೀನು ಕರೆ, ನಿನ್ನ ಕೆಲಸ ಖಾಯಂ ಮಾಡಲು ಬರೆಯುತ್ತೇನೆ ಎಂದ.

ಮನೆಯಲ್ಲಿ ಹೇಳಿದೆ. ಗಂಡ ತಲೆ ಎತ್ತದೆ ಉಣ್ಣುತ್ತಿದ್ದ. "ನಾ ಅಷ್ಟು ದಿನ ಕಲ್ಲು ಸವರಿದ್ದು ಯಾರಿಗಂತ" ಎಂದಷ್ಟೇ ಅಂದ. ಅತ್ತೆ ಮೂಲೆಯಲ್ಲಿ ಮಣಿ ಪೋಣಿಸುತ್ತ ಕೂತಿದ್ದಳು. ಬೀಚಿನಲ್ಲಿ ಮಣಿಸರ ಮಾರಿ ಮಕ್ಕಳನ್ನು ಬೆಳೆಸಿದವಳು ಅವಳು.

"ಖಾಯಂ ಆಗತೈತಿ ಅಂದ್ರ ಕರದುಬಿಡು. ಕರಡಿನ್ನ ಕೇಳಿ ಎಬ್ಬಸಬೇಕೇನು? ಬಾಯ್ನಾ ಬೀಚಿನ್ಯಾಗ ನಮ್ಮ ಗುಡಸಲಾ ಮುರಿಯೂಮುಂದ ನನ್ನ ಯಾರರ ಕೇಳಿದ್ರೇನು? ತಾಟಿನ್ಯಾಗ ಅನ್ನ ಇತ್ತು, ಹಂಗ ಬಿಟ್ಟು ಹೊರಗ ಬಂದೆ."

"ಅದು ಪ್ರಾಣಿ ಅತ್ತಿ, ಅದಕ್ಕೇನ್ ತಿಳೀತೈತಿ."

"ಮತ್ತ ತಿಳಿಯೂದಿಲ್ಲ ಅಂದಮ್ಯಾಲ ನಿನಗ್ಯಾಕ ಸಂಕಟ?" ಎಂದಳು, ಹಲ್ಲಿನಿಂದ ದಾರ ಕಡಿಯುತ್ತ.

ನಾಲ್ಕನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿದೆ. ಬೆಲ್ಲ, ತುಪ್ಪ, ಹಾಲು, ಎಲ್ಲ ಹಾಕಿ ಕಲಸಿದೆ. ಮೂರು ದಿನ ಉಪವಾಸ ಇದ್ದ ಪ್ರಾಣಿಗೆ ಆ ವಾಸನೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ತುಪ್ಪ ಹೆಚ್ಚು ಹಾಕಿದೆ. ತಾಟನ್ನು ಪೆಟ್ಟಿಗೆಯ ಒಳತುದಿಗೆ ಇಟ್ಟು, ಹೊರಗೆ ಬಂದು ಕರೆದೆ. "ಬಾ, ಉಣ್ಣ ಬಾ."

ಅದು ಹೊಸ್ತಿಲವರೆಗೆ ಬಂತು. ಜೊಲ್ಲು ಎದೆಯ ಕೂದಲಿಗೆ ಇಳಿಯುತ್ತಿತ್ತು. ತುಟಿ ಚಾಚಿ ಹೀರಿತು, ತಾಟು ದೂರವಿತ್ತು, ಸಿಗಲಿಲ್ಲ. ಆದರೆ ಕಾಲು ಒಳಗಿಡಲಿಲ್ಲ. ತಿರುಗಿ ನನ್ನನ್ನು ನೋಡಿತು, ಎಂದಿನಂತೆ ಕಂಬಿಯ ಸಂದಿಯಿಂದ ಕೊಡು ಅನ್ನುವ ಹಾಗೆ. ಒಂದು ತಾಸು ಹಾಗೇ ಹೋಯಿತು. ಮೇಲ್ವಿಚಾರಕ ಪೈಪು ತರಿಸಿದ. ಹಿಂದಿನಿಂದ ನೀರು ಬಿಟ್ಟರು, ಬಿರುಸಾಗಿ, ಮುಖಕ್ಕೆ, ಕಿವಿಗೆ. ಇಬ್ಬರು ಬೊಂಬು ಹಿಡಿದು ಪಕ್ಕೆಗೆ ತಿವಿದರು. ಕರಡಿ ಮೂಲೆಗೆ ಮುದುಡಿ ತಲೆಯನ್ನು ಕಾಲೊಳಗೆ ಹುದುಗಿಸಿಕೊಂಡಿತು. ಏಳಲಿಲ್ಲ. ಆ ಕಡೆ ಮೊಸಳೆ ಕೊಳದ ಗೋಡೆಗೆ ಒರಗಿ ಕಾಕಾ ನಿಂತಿದ್ದ. ಇತ್ತಲೇ ನೋಡುತ್ತಿದ್ದ.

ಆಮೇಲಿನದು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಮೇಲ್ವಿಚಾರಕನಿಗೆ ಅದು ಗೊತ್ತೂ ಇರಲಿಲ್ಲ. ನೀರು ನಿಲ್ಲಿಸಿ, ನಾನು ಮಾಡುತ್ತೇನೆ ಎಂದು ನಾನೇ ಅಂದೆ. ಅಡಿಗೆಮನೆಗೆ ಹೋಗಿ ಸೌಟು ತಂದೆ. ಕಂಬಿಗೆ ಎರಡು ಸಲ ಬಡಿದೆ.

"ಚಲ್ ಬೇಟಿ."

ಕರಡಿ ಎದ್ದು ನಿಂತಿತು. ನೀರು ಸೋರುತ್ತಿತ್ತು. ಮೂರು ದಿನದ ಹಸಿವೆಗೆ ಹಿಂಗಾಲುಗಳು ಥರಥರ ನಡುಗುತ್ತಿದ್ದವು. ಹಣೆಗೆ ಪಂಜ ಹಚ್ಚಿತು. ನಾನು ಸೌಟಿನಿಂದ ಪೆಟ್ಟಿಗೆಯನ್ನು ತೋರಿಸಿ, "ಅಂದರ್. ಚಲ್" ಎಂದೆ. ಎರಡೇ ಕಾಲ ಮೇಲೆ, ಹಣೆಯಿಂದ ಪಂಜ ಇಳಿಸದೆ, ಹೆಣ್ಣುಮಗಳೊಬ್ಬಳು ಸೆರಗು ಹಿಡಿದುಕೊಂಡು ನಡೆದ ಹಾಗೆ ಅದು ನಡೆದು ಪೆಟ್ಟಿಗೆಯೊಳಗೆ ಹೋಯಿತು. ರೊಟ್ಟಿಯ ತಾಟಿನ ಮೇಲೇ ಕಾಲಿಟ್ಟಿತು. ಬಗ್ಗಿ ಮೂಸಲೂ ಇಲ್ಲ. ಮುಂದಿನ ಹುಕುಮಿಗೆ ಕಾಯುತ್ತ ನಿಂತಿತ್ತು. ಹಲಗೆ ಬಿತ್ತು.

"ಶಾಬಾಸ್ ಬಾಯಿ!" ಎಂದು ಮೇಲ್ವಿಚಾರಕ ಚಪ್ಪಾಳೆ ತಟ್ಟಿದ. ಬೊಂಬಿನವರೂ ತಟ್ಟಿದರು. ನಾನು ಮೊಸಳೆ ಕೊಳದ ಕಡೆ ನೋಡಿದೆ. ಕಾಕಾ ಬೆನ್ನು ತಿರುಗಿಸಿ ನೀರಿನಲ್ಲಿ ಬಿದ್ದ ಎಲೆಗಳನ್ನು ಬಲೆಯಿಂದ ತೆಗೆಯುತ್ತಿದ್ದ.

ಎರಡು ತಿಂಗಳ ಮಾತು ಮಳೆಗಾಲ ದಾಟಿತು. ಹೊಸ ಆವರಣದ ಉದ್ಘಾಟನೆ ಆಯಿತು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದರು. ಕಟ್ಟಿದ ಗೌಂಡಿಗಳಿಗೆ ಅವತ್ತು ಒಳಗೆ ಬರಬೇಡಿ ಎಂದಿದ್ದರು. ನನ್ನ ಗಂಡ ಬೇಲಿಯ ಹೊರಗಿನಿಂದ ನೋಡಿ ಬಂದ. ಎಳೆ ಕರಡಿಗಳು ನೇರಳೆ ಮರ ಹತ್ತಿದವು, ಜನ ಫೋಟೊ ತೆಗೆದುಕೊಂಡರು. ನಿಜ ಹೇಳಬೇಕೆಂದರೆ ಆ ಎರಡು ಪ್ರಾಣಿಗಳು ಅಲ್ಲಿ ಸುಖವಾಗಿದ್ದವು. ಬದಲಾವಣೆ ಕೆಟ್ಟದ್ದಾಗಿರಲಿಲ್ಲ. ಅದು ಮುದಿ ಕರಡಿಗೆ ಅಲ್ಲ, ಅಷ್ಟೇ.

ಮುದಿ ಕರಡಿ ಅಡಿಗೆಮನೆಯ ಗೋಡೆಯ ಆಚೆಗಿತ್ತು. ನಡುವೆ ಒಂದು ಜಾಲರಿ ಕಿಟಕಿ. ಮೊದಲ ದಿನ ಅದಕ್ಕೆ ರೊಟ್ಟಿ ಒಯ್ದು, ಅಭ್ಯಾಸಬಲದಿಂದ "ಉಣ್ಣ" ಎಂದೆ. ಅದು ಎದ್ದು ನಿಂತಿತು. ಹಣೆಗೆ ಪಂಜ ಹಚ್ಚಿತು. ಕಾಲ ನಡುವೆ ಹರಿಯಿತು. ಸೌಟಿಲ್ಲ, ಸಲಾಮಿನ ಮಾತಿಲ್ಲ. ನನ್ನ ದನಿ ಕೇಳಿದರೆ ಸಾಕಾಗಿತ್ತು. ಒಲೆಯ ಮುಂದೆ ನಿಂತು ಯಾರಿಗೋ ಉಪ್ಪು ಕೊಡು ಎಂದರೂ ಗೋಡೆಯ ಆಚೆ ಅದು ಏಳುವ ಸಪ್ಪಳ. ನಾನು ಅಲ್ಲಿಂದ ಹೋಗುವವರೆಗೆ ಕೂರುತ್ತಿರಲಿಲ್ಲ. ತೂಗಾಡುತ್ತ ನಿಂತೇ ಇರುತ್ತಿತ್ತು.

ಹಾಗಾಗಿ ನಾನು ಅಡಿಗೆಮನೆಯಲ್ಲಿ ಮಾತು ನಿಲ್ಲಿಸಿದೆ. ಬೆಳಿಗ್ಗೆ ಒಳಗೆ ಕಾಲಿಟ್ಟರೆ ಸಂಜೆ ಹೊರಗೆ ಬರುವವರೆಗೆ ಕೈಸನ್ನೆ. ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಜೊತೆಯವರು ಮೂಗಿ ಎಂದು ಹೆಸರಿಟ್ಟರು. ಕಾರಣ ಗೊತ್ತಾದ ಮೇಲೆ ಅವರಿಗೆ ಅದು ಆಟವಾಯಿತು. ಹಿಂದಿನಿಂದ ಬಂದು ಸೊಂಟಕ್ಕೆ ಚಿವುಟುತ್ತಿದ್ದರು, ಕುತ್ತಿಗೆಗೆ ಮಂಜುಗಡ್ಡೆಯ ತುಂಡು ಇಡುತ್ತಿದ್ದರು. ನಾನು ಅಯ್ಯೋ ಅಂದರೆ ಕಿಟಕಿಗೆ ಓಡಿ ನೋಡಿ, "ಎದ್ದಿತು, ಎದ್ದಿತು" ಎಂದು ಕೇಕೆ ಹಾಕುತ್ತಿದ್ದರು. ಒಮ್ಮೆ ಯಾರೋ ತಮ್ಮ ಮನೆಯವರನ್ನು ತೋರಿಸಲು ಕರೆದುಕೊಂಡು ಬಂದರು. ನಾನು ತುಟಿ ಕಚ್ಚಿ ತಡೆದುಕೊಂಡೆ. ಆದರೆ ಕಾದ ಹಂಚಿಗೆ ನನ್ನ ಕೈ ಒತ್ತಿದರು. ಕೂಗದೆ ಇರಲಾಗಲಿಲ್ಲ.

ಅವರನ್ನು ಬೈಯಲು ನನಗೆ ಬಾಯಿರಲಿಲ್ಲ. ಆಟ ಕಲಿಸಿದವಳು ನಾನೇ.

ಆಶ್ರಯದಿಂದ ಜಾಗವಿಲ್ಲ ಎಂದು ಕಾಗದ ಬಂತಂತೆ. ಇನ್ನೊಂದು ಆಶ್ರಯಕ್ಕೆ ಬರೆದರಂತೆ. ಕರಡಿ ತನ್ನ ಮುಂಗಾಲನ್ನು ತಾನೇ ಕಡಿದುಕೊಳ್ಳತೊಡಗಿತ್ತು. ಹಲ್ಲಿಲ್ಲದ ಬಾಯಲ್ಲಿ ಎಷ್ಟು ಕಡಿಯಬಹುದೋ ಅಷ್ಟು. ಆ ಪಂಜವನ್ನು ಬಾಯಿಗಿಟ್ಟುಕೊಂಡಿರುತ್ತಿತ್ತು, ಸದ್ದು ಮಾತ್ರ ಇರುತ್ತಿರಲಿಲ್ಲ. ಕಾಕಾ ಆಗ ಇರಲಿಲ್ಲ. ಮೊಸಳೆ ಕೊಳದ ಕಡೆಗೂ ಹೊಸ ಬದಲಾವಣೆ ಬಂದು, ಅವನ ಕರಾರು ಮುಂದುವರಿಯುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಹೋಗುವ ದಿನ ಅವನು ಹಿಂದಿನ ಕೋಣೆಗೆ ಬಂದು ಹೊರಗೆ ಕೂತು ಏನೋ ಮಾತಾಡುತ್ತಿದ್ದ. ಜಾಲರಿಯಿಂದ ಇಣುಕಿದೆ. ಅವನ ದನಿಗೆ ಕರಡಿ ಏಳಲಿಲ್ಲ, ಬಾಗಿಲಿಗೆ ಒರಗಿ ಮಲಗಿತ್ತು. ಅವನು ನನ್ನನ್ನು ನೋಡಿದ, ನಾನು ಒಳಗೆ ಸರಿದೆ.

ಒಂದು ಬೆಳಿಗ್ಗೆ ನಾನು ರೊಟ್ಟಿ ಒಯ್ದಾಗ ಅದು ಗೋಡೆಗೆ ಮುಖ ಮಾಡಿ ಮಲಗಿತ್ತು. ತಾಟು ಇಟ್ಟೆ. ಏಳಲಿಲ್ಲ. ಮೆಲ್ಲಗೆ "ಏ" ಎಂದೆ. ಏಳಲಿಲ್ಲ. ಹಾಗೆ ನನಗೆ ಗೊತ್ತಾದದ್ದು. ಡಾಕ್ಟರು ವಯಸ್ಸು ಎಂದು ಬರೆದರು.

ನಾನು ಅತ್ತೆನೆಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಅಳಲಿಲ್ಲ. ಇನ್ನು ಮಾತಾಡಬಹುದು ಎನ್ನಿಸಿತು. ಆ ದಿನ ಅಡಿಗೆಮನೆಯಲ್ಲಿ ಎಲ್ಲರ ಮೇಲೂ ಗಟ್ಟಿಯಾಗಿ ಹರಿಹಾಯ್ದೆ. ಬೆಲ್ಲದ ಡಬ್ಬಿ ಯಾರು ಎಲ್ಲಿಟ್ಟರು, ಒಲೆ ಯಾಕೆ ತೊಳೆದಿಲ್ಲ, ಕಲ್ಲಂಗಡಿ ಯಾಕೆ ಹೀಗೆ ಹೆಚ್ಚಿದ್ದೀರಿ. ಗಂಟಲು ಕಟ್ಟುವವರೆಗೆ ಮಾತಾಡಿದೆ. ಕೆಲವು ವಾರ ಕಳೆದ ಮೇಲೆ ನನ್ನ ಕೆಲಸ ಖಾಯಂ ಆಯಿತು. ಅತ್ತೆ ಓಣಿಯವರಿಗೆಲ್ಲ ಸಕ್ಕರೆ ಹಂಚಿದಳು. ಮೇಲ್ವಿಚಾರಕ ಕಾಗದ ಕೊಡುವಾಗ ಮತ್ತೆ ಘಾಟಿ ಎಂದ. ನಾನು ಥ್ಯಾಂಕ್ಯೂ ಸಾಹೇಬ್ರ ಎಂದೆ.

ಕಾಕಾ ಮತ್ತೆ ಸಿಕ್ಕದ್ದು ಕುಡಚಡೆಯ ರೈಲು ಸ್ಟೇಷನ್ನಿನಲ್ಲಿ, ಮುಂದಿನ ಬೇಸಿಗೆಯಲ್ಲಿ. ನಾನು ಊರಿಂದ ಬರುವ ಅವ್ವನನ್ನು ಕರೆದುಕೊಂಡು ಹೋಗಲು ಬಂದಿದ್ದೆ. ಅವನು ಬೆಂಚಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಒಂದು ಗಂಟು. ಮಗಳ ಮನೆಗೆ ಖಾನಾಪುರಕ್ಕೆ ಹೊರಟಿದ್ದ. ಮುಖ ಇಳಿದಿತ್ತು, ಗಡ್ಡ ಬಿಟ್ಟಿದ್ದ. ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ, ಹತ್ತಿರ ಹೋಗಿ ನಿಂತೆ.

"ಕಾಕಾ, ಆರಾಮದೀರೇನ್ರಿ?"

"ಆರಾಮ ಅದೇನವಾ. ಕುಂದ್ರು."

ಕೂತೆ. ಖಾಯಂ ಆಯಿತೇ ಎಂದು ಕೇಳಿದ. ಆಯಿತು ಎಂದೆ. "ಚಲೋ ಆತು" ಎಂದ, ಸಂಬಂಧಿಕರ ಮಗಳಿಗೆ ಹೇಳುವ ಹಾಗೆ. ಹೊಸ ಕರಡಿಗಳು ಹೇಗಿವೆ ಎಂದು ಕೇಳಿದ. ಹೆಣ್ಣು ಸ್ವಲ್ಪ ತಂಟೆ ಮಾಡುತ್ತದೆ ಎಂದೆ. ಅವನು ತಲೆಯಾಡಿಸಿದ. ಮುದಿ ಕರಡಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರೈಲು ಬರುವ ಸೂಚನೆ ಕೂಗಿದರು. ಅವನು ಗಂಟನ್ನು ಮಡಿಲಿಗೆ ಎತ್ತಿಕೊಂಡಾಗ ನನಗೆ ತಡೆಯಲಾಗಲಿಲ್ಲ.

"ಕಾಕಾ, ನಾ ಬೇಕಂತ ಮಾಡಲಿಲ್ರಿ ಅದನ್ನ."

ಅವನು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಬೇಕಂತನ ಮಾಡಿದಿ ಯವ್ವಾ. ಸೌಟು ತರಾಕ ಒಳಗ ಹೋದ್ಯಲ್ಲ, ಅಷ್ಟು ದೂರ ನಡಕೊಂತ ಹೋಗಿ ತಿರುಗಿ ಬಂದಿ. ನಾ ನೋಡಾಕತ್ತಿದ್ದೆ."

"ಅವರು ನೀರು ಹೊಡ್ಯಾಕತ್ತಿದ್ರು. ಬೊಂಬಿಲೆ ತಿವ್ಯಾಕತ್ತಿದ್ರು. ಅದಕಿಂತ ಇದು ಚಲೋ ಅಂತ..."

"ನೀರು ತಡಕೊಂಡಿದ್ಲು ಅಕಿ. ಬೊಂಬೂ ತಡಕೊಂಡಿದ್ಲು. ಇನ್ನೊಂದು ತಾಸು ಬಿಟ್ಟಿದ್ರ ಅವರ ಬ್ಯಾಸತ್ತು ಹೋಗತಿದ್ರು."

ಖರೇ ಹೋಗುತ್ತಿದ್ದರೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ. ರೈಲು ಬಂತು. ಗಂಟು ಭಾರವಿತ್ತು, ಎತ್ತಿಕೊಡಲು ಕೈ ಚಾಚಿದೆ. ಅವನು ಬೇಡ ಅನ್ನಲಿಲ್ಲ. ಕೊಟ್ಟ, ನಾನು ಹತ್ತಿಸಿಕೊಟ್ಟೆ, ಅವನು ಒಳಗೆ ಹೋಗಿ ಆಚೆ ಬದಿಯ ಕಿಟಕಿಗೆ ಕೂತ.

ಅವ್ವನ ರೈಲು ತಡವಾಗಿತ್ತು. ಅಲ್ಲೇ ಬೆಂಚಿನ ಮೇಲೆ ಎರಡು ತಾಸು ಕೂತೆ. ಅವ್ವ ಇಳಿದವಳೇ ನನ್ನ ಕೈಯ ಸುಟ್ಟ ಕಲೆ ನೋಡಿ ಏನಿದು ಎಂದು ಕೇಳಿದಳು. ಹಂಚು ತಾಗಿತು ಎಂದೆ.